ಬೆಳದಿಂಗಳನ್ನು ಅಳಿಸಿದ ಮೇಲೆ: ಚಾರಿತ್ರಿಕ ಕಥೆಯನ್ನು ಕಟ್ಟುವುದು, ತಿದ್ದುವುದು ಹೇಗೆ?

ನನ್ನ ಕಥೆಯ ಮೊದಲ ಕರಡಿನಲ್ಲಿ ಪಾಣೆಮಂಗಳೂರಿನ ಕಡವಿನ ಮೇಲೆ ಬೆಳದಿಂಗಳು ಸುರಿಯುತ್ತಿತ್ತು. ಅಂಬಿಗ ದೋಣಿಯ ಹಗ್ಗ ಬಿಚ್ಚುತ್ತಾನೆ. ಆಚೆ ದಡದಲ್ಲಿ ಕತ್ತಿ, ಕೋವಿ ಹಿಡಿದು ನಿಂತ ಜನ ಅವನ ಕಣ್ಣಿಗೆ ಬೀಳುತ್ತಾರೆ. ಕಾಲ 1837ರ ಏಪ್ರಿಲ್ ಮೊದಲ ವಾರ. ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಕುಂಪಣಿ ಸರಕಾರದ ವಿರುದ್ಧ ಮಂಗಳೂರಿನತ್ತ ನಡೆದ ದಿನಗಳು. ಹಳಬರು ಇದನ್ನು ಕಲ್ಯಾಣಪ್ಪನ ಕಾಟಕಾಯಿ ಎನ್ನುತ್ತಿದ್ದರು. ಕರಡು ಮುಗಿಸಿ ಎರಡು ತಿಂಗಳಾದ ಮೇಲೆ ಆ ದಿನಗಳ ತಿಥಿ ತೆಗೆದು ನೋಡಿದೆ. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಂಡಾಯಗಾರರ ಬಾವುಟ ಏರಿದ್ದು ಏಪ್ರಿಲ್ 5ರಂದು. ಅಮಾವಾಸ್ಯೆ ಬಂದದ್ದೂ ಅದೇ ಹೊತ್ತಿಗೆ. ಅದಕ್ಕೆ ಎರಡು ರಾತ್ರಿ ಮುಂಚೆ, ನಡುರಾತ್ರಿಯಲ್ಲಿ, ನೇತ್ರಾವತಿಯ ಮೇಲೆ ಚಂದ್ರನೇ ಇರಲಿಲ್ಲ.

ಬೆಳದಿಂಗಳನ್ನು ಅಳಿಸಿದೆ. ಅಂಬಿಗನಿಗೆ ಈಗ ಏನೂ ಕಾಣುವಂತಿಲ್ಲ, ಕೇಳುವುದಷ್ಟೇ. ಮರಳಿನ ಮೇಲೆ ಬರಿಗಾಲುಗಳ ಸದ್ದು, ಯಾರೋ ಅದುಮಿಟ್ಟ ಕೆಮ್ಮು, ಎಲೆಯಡಿಕೆ ಉಗಿದ ಸದ್ದು. ಹತ್ತು ಜನವೋ ಸಾವಿರವೋ ತಿಳಿಯದು. ಇಡೀ ಕಥೆಯಲ್ಲಿ ನನಗೆ ಸಮಾಧಾನ ಕೊಟ್ಟ ಸನ್ನಿವೇಶ ಅದೊಂದೇ. ಅದನ್ನು ನನಗೆ ಕೊಟ್ಟದ್ದು ಪಂಚಾಂಗ. ಚರಿತ್ರೆಯ ಕಥೆ ಬರೆಯಬೇಕೆಂದು ಹೊರಟವರು ದಾಖಲೆಗಳಿಗೆ ಹೆದರುವುದನ್ನು ಕಂಡಿದ್ದೇನೆ, ಕಲ್ಪನೆಯ ಕೈ ಕಟ್ಟಿಬಿಡುತ್ತವೆ ಎಂಬ ಹೆದರಿಕೆ. ನನ್ನ ಅನುಭವ ಅದಕ್ಕೆ ತದ್ವಿರುದ್ಧ. ಹಾಗಾಗಿ ನಾನು ಅನುಸರಿಸುವ ದಾರಿಯನ್ನು ಈ ಕಥೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಸಣ್ಣವನನ್ನು ಆರಿಸಿಕೊಳ್ಳಿ

ಮೊದಲ ಹೆಜ್ಜೆ, ಚೌಕಟ್ಟನ್ನು ಕಿರಿದು ಮಾಡುವುದು. ಬಂಡಾಯಗಾರರು ಮಂಗಳೂರನ್ನು ಹಿಡಿದಿಟ್ಟುಕೊಂಡದ್ದು 13 ದಿನ. ನನ್ನ ಕಥೆಗೂ ಅಷ್ಟೇ ಅವಧಿ, ಒಂದೇ ಕಡವು, ಒಂದೇ ಮನೆ. ಬಂಡಾಯದ ಮುಂದಾಳುಗಳಾದ ಕಲ್ಯಾಣಸ್ವಾಮಿಯನ್ನಾಗಲಿ ಕೆದಂಬಾಡಿ ರಾಮಯ್ಯ ಗೌಡರನ್ನಾಗಲಿ ಮುಖ್ಯ ಪಾತ್ರ ಮಾಡಲಿಲ್ಲ. ಅವರ ನೆನಪನ್ನು ಎದೆಯಲ್ಲಿಟ್ಟುಕೊಂಡ ಜನ ಇಂದಿಗೂ ನಮ್ಮ ನಡುವೆ ಇದ್ದಾರೆ. ಆ ಮುಂದಾಳುಗಳ ಬಾಯಿಗೆ ನನ್ನ ಮಾತುಗಳನ್ನು ತುರುಕಲು ಮನಸ್ಸು ಒಪ್ಪಲಿಲ್ಲ. ಅಂಬಿಗನಾದರೆ ಪೂರ್ತಿ ನನ್ನವನು.

ಆಮೇಲೆ ಜಗಳದ ಬೇರನ್ನು ಹಿಡಿಯಬೇಕು. 1834ರಲ್ಲಿ ಕೊಡಗು ಕುಂಪಣಿಯ ವಶವಾದ ಮೇಲೆ ಅಮರಸುಳ್ಯದ ಮಾಗಣೆಯನ್ನು, ಅಂದರೆ ಆ ಭಾಗದ ಊರುಗಳನ್ನು, ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ತೀರ್ವೆಯನ್ನು, ಅಂದರೆ ಭೂಕಂದಾಯವನ್ನು, ನಗದಾಗಿ ಕೊಡಬೇಕಾಯಿತು. ಪತ್ತಾಯದಲ್ಲಿ (ಕಣಜದಲ್ಲಿ) ಭತ್ತ ಇದೆ, ಕೈಯಲ್ಲಿ ರೂಪಾಯಿ ಇಲ್ಲ. ಈ ಒಂದು ವಾಕ್ಯವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ದೋಣಿ ಹತ್ತುವ ಪ್ರತಿಯೊಬ್ಬನೂ ಈ ಸಂಕಟವನ್ನು ಹೊತ್ತೇ ಬರುತ್ತಾನೆ.

ಇನ್ನು ಟಿಪ್ಪಣಿ ಪುಸ್ತಕ. ದಿನಕ್ಕೊಂದು ಹಾಳೆಯಂತೆ 13 ಹಾಳೆ. ಎಡಬದಿಯಲ್ಲಿ ದಾಖಲೆಯಲ್ಲಿರುವುದು, ಬಲಬದಿಯಲ್ಲಿ ನನ್ನ ಅಂಬಿಗ ಕಂಡದ್ದು. ಎಷ್ಟೋ ಘಟನೆಗಳು ಅವನ ಕಿವಿಗೇ ಬೀಳುವುದಿಲ್ಲ, ಆದ್ದರಿಂದ ಬಲಬದಿ ಖಾಲಿ ಉಳಿಯುತ್ತದೆ. ಉಳಿಯಲಿ. ಕಾಲಮಾನವನ್ನೂ ಇದೇ ಹಾಳೆಗಳಲ್ಲಿ ಗುರುತಿಸಬೇಕು. ಏಪ್ರಿಲ್ ಎಂದರೆ ಸುಗ್ಗಿ ಬೆಳೆಯ ಕೊಯ್ಲು ಮುಗಿದಿದೆ, ಗದ್ದೆ ಬಿರುಕು ಬಿಟ್ಟಿದೆ. ಕೋಲಗಳೆಲ್ಲ ನಿಲ್ಲುವ ಪತ್ತನಾಜೆಗೆ ಇನ್ನೂ ದಿನವಿದೆ, ರಾತ್ರಿಗಳಲ್ಲಿ ಎಲ್ಲಿಂದಲೋ ದೈವದ ಕೋಲದ ತೆಂಬರೆ ವಾದ್ಯದ ಸದ್ದು ಬರುತ್ತಿರುತ್ತದೆ. ಆ 13 ದಿನಗಳ ನಡುವೆಯೇ ತುಳುವರ ಹೊಸ ವರ್ಷದ ಬಿಸು ಹಬ್ಬ ಬಂದಿತ್ತು ಎಂಬುದು ಹಾಳೆ ತುಂಬುವಾಗ ಹೊಳೆಯಿತು. ಊರು ಕೈಬದಲಾಗಿದೆ, ಆದರೂ ಮನೆಯೊಳಗೆ ಬಿಸು ಕಣಿ ಇಡಬೇಕು.

ಸ್ಥಳಕ್ಕೆ ಹೋಗುವುದಿದ್ದರೆ ಕಥೆ ನಡೆಯುವ ತಿಂಗಳಿನಲ್ಲಿಯೇ ಹೋಗಿ. ಆಗಸ್ಟ್ ತಿಂಗಳ ನೇತ್ರಾವತಿಯನ್ನು ನೋಡಿ ಏಪ್ರಿಲ್ ತಿಂಗಳ ನದಿಯನ್ನು ಬರೆಯಲಾಗದು. ಬೇಸಗೆಯಲ್ಲಿ ನೀರು ಇಳಿದು ಮರಳದಿಣ್ಣೆ ಮೇಲೆದ್ದಿರುತ್ತದೆ. ದೋಣಿ ದಡ ಮುಟ್ಟುವ ಮೊದಲೇ ಮರಳಿಗೆ ಕಚ್ಚಿಕೊಳ್ಳುತ್ತದೆ, ಇಳಿದು ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕು.

ಇಲ್ಲದವುಗಳ ಪಟ್ಟಿ

ಆ ಕಾಲದಲ್ಲಿ ಏನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬ ಪಟ್ಟಿಯನ್ನು ಮೊದಲು ಮಾಡಿಕೊಳ್ಳಿ. ನಮ್ಮ ಊರಿನವರು ಎಡವುವುದು ಮನೆಯ ಮಾಡಿನಲ್ಲಿ, ಅಂದರೆ ಸೂರಿನಲ್ಲಿ. ಕೆಂಪು ಹೆಂಚಿಲ್ಲದ ಮಂಗಳೂರನ್ನು ನಮಗೆ ಊಹಿಸಲೂ ಆಗದು. ಆದರೆ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನನ್ನ ಅಂಬಿಗನ ಮನೆಗೆ ಮುಳಿಹುಲ್ಲಿನ ಮಾಡೇ ಗತಿ, ಅದನ್ನು ಮಳೆಗೆ ಮೊದಲು ಹೊಸದಾಗಿ ಹೊದಿಸಲೇಬೇಕು. ಪತ್ರಿಕೆ ಇಲ್ಲ: ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈಯಲ್ಲಿ. ಸುದ್ದಿ ಬರುವುದು ದೋಣಿಯಲ್ಲಿ, ಬಾಯಿಂದ ಬಾಯಿಗೆ, ಅರ್ಧ ಸುಳ್ಳಾಗಿ. ರೈಲು ಬರಲು 1907ರವರೆಗೆ ಕಾಯಬೇಕು. ಬಂದವರಿಗೆ ಚಹಾ ಕೊಡುವಂತಿಲ್ಲ, ಬೆಲ್ಲ ನೀರು ಕೊಡಿ. ಚಿಮಿಣಿ ಎಣ್ಣೆಯ ದೀಪ ಹಚ್ಚುವಂತಿಲ್ಲ.

ನಿಮ್ಮ ಕಥೆ ಇನ್ನೂ ಹಿಂದಿನದಾದರೆ, ಉದಾಹರಣೆಗೆ ಕರಾವಳಿಯನ್ನು ಆಳಿದ ಆಳುಪ ಅರಸರ ಬಾರ್ಕೂರಿನದಾದರೆ, ಅಡುಗೆಮನೆಯೇ ಬದಲಾಗುತ್ತದೆ. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ ಇವೆಲ್ಲ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದವು. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು. ಉಡುಪಿಯ ರಥಬೀದಿಯಲ್ಲಿ ಪರ್ಯಾಯದ ಮೆರವಣಿಗೆ ಬರೆಯುವ ಆಸೆಯಿದ್ದರೆ ಇಸವಿ ನೋಡಿ. ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯ ಸಮಸಂಖ್ಯೆಯ ವರ್ಷಗಳ ಜನವರಿಯಲ್ಲಿ ನಡೆಯುತ್ತದೆ, 1855ರಲ್ಲಿ ಅದನ್ನು ಇಡಲಾಗದು.

ಶಬ್ದಗಳಿಗೂ ಇದೇ ಪಟ್ಟಿ ಬೇಕು. ಅಂಬಿಗ ತುಳುವಿನಲ್ಲಿ ಯೋಚಿಸುವವನು. ‘ಸ್ವಾತಂತ್ರ್ಯ ಹೋರಾಟ’ ಎಂಬ ಮಾತು ಅವನ ಬಾಯಲ್ಲಿ ಬರಬಾರದು. ತೀರ್ವೆ, ಬಾಕಿ, ಧಣಿ, ದೈವ, ಇವೇ ಅವನ ಲೋಕ. ಅನುಮಾನ ಬಂದಾಗ ಮಂಗಳೂರಿನಲ್ಲಿ ಅಚ್ಚಾದ 1886ರ ಮ್ಯಾನರ್ ತುಳು ನಿಘಂಟು, 1894ರ ಕಿಟೆಲ್ ನಿಘಂಟು ಎರಡನ್ನೂ ತೆರೆಯುತ್ತೇನೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟಿನ ಆರು ಸಂಪುಟಗಳಂತೂ ಸಂಪತ್ತಿನ ರಾಶಿ. ಅಧಿಕಾರಿಗಳ ಪತ್ರಗಳನ್ನು ಓದುವಾಗ ಒಂದು ಎಚ್ಚರ ಇರಲಿ: ಬರೆದವರು ಗೆದ್ದವರು. ಅವರ ಲೆಕ್ಕವನ್ನು ತೆಗೆದುಕೊಳ್ಳಿ, ಅವರ ಬೈಗುಳವನ್ನು ನಿಮ್ಮ ನಿರೂಪಣೆಗೆ ತರಬೇಡಿ.

ತಿದ್ದುವಾಗ

ಕರಡನ್ನು ಕಡಿಮೆಯೆಂದರೆ ಒಂದು ತಿಂಗಳು ಮುಚ್ಚಿಡಿ. ಮೊದಲ ಓದಿನಲ್ಲಿ ನಾನು ಹುಡುಕುವುದು ಒಂದನ್ನೇ: ಮುಂದೆ ಏನಾಗುತ್ತದೆ ಎಂಬುದು ಪಾತ್ರಗಳಿಗೆ ಮೊದಲೇ ಗೊತ್ತಾಗಿಬಿಟ್ಟಿದೆಯೇ? ನನ್ನ ಕರಡಿನಲ್ಲಿ ಮೂರನೆಯ ದಿನವೇ ಅಂಬಿಗನ ಹೆಂಡತಿ, “ಇದೆಲ್ಲ ಹೆಚ್ಚು ದಿನ ನಡೆಯುವುದಿಲ್ಲ” ಎಂದು ನಿಟ್ಟುಸಿರು ಬಿಟ್ಟಿದ್ದಳು. ಅದು ಅವಳ ಮಾತಲ್ಲ, 13 ಎಂಬ ಅಂಕಿಯನ್ನು ಓದಿಕೊಂಡಿದ್ದ ನನ್ನ ಮಾತು. ಊರು ಹಿಡಿದವರು ಇನ್ನು ಇಲ್ಲಿಯೇ ಇರುತ್ತಾರೆ ಎಂದಷ್ಟೇ ಅವಳು ನಂಬಬಲ್ಲಳು. ಆ ಮಾತನ್ನು ಹೊಡೆದು ಹಾಕಿದಾಗ ಕಥೆಯ ದಿಕ್ಕೇ ತಿರುಗಿತು. ಇನ್ನು ತೀರ್ವೆ ಕೇಳುವವರಿಲ್ಲ ಎಂದುಕೊಂಡು ಗಂಡ ಹೆಂಡಿರು ಬಾಕಿಗೆಂದು ತೆಗೆದಿಟ್ಟಿದ್ದ ಎರಡು ರೂಪಾಯಿಯನ್ನು ಮುಳಿಹುಲ್ಲಿಗೂ ಮಗಳ ಬಿಸು ಸೀರೆಗೂ ಖರ್ಚು ಮಾಡುತ್ತಾರೆ. ಮಾಡು ಹೊಸದಾಗುತ್ತದೆ. ಆಮೇಲೆ ಒಂದು ಬೆಳಿಗ್ಗೆ ತೀರ್ವೆ ಕೇಳಲು ಸರಕಾರದ ಉಗ್ರಾಣಿ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಇಷ್ಟನ್ನು ನಾನು ಮೊದಲು ಯೋಜಿಸಿರಲೇ ಇಲ್ಲ.

ಎರಡನೆಯ ಓದು ಮಾಹಿತಿಯನ್ನು ಕಿತ್ತುಹಾಕಲು. 1835ರಲ್ಲಿ ಕುಂಪಣಿ ಏಕರೂಪದ ರೂಪಾಯಿ ತಂದ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ಈಗ ಉಳಿದದ್ದು ಒಂದೇ ಸಾಲು: ಅಂಬಿಗ ಹೊಸ ನಾಣ್ಯವನ್ನು ಕಲ್ಲಿಗೆ ಬಡಿದು ಸದ್ದು ಕೇಳುತ್ತಾನೆ. ಕಿತ್ತುಹಾಕುವಾಗ ಹೊಟ್ಟೆ ಉರಿಯುತ್ತದೆ, ವಾರಗಟ್ಟಲೆ ಕೂತು ಓದಿದ್ದಲ್ಲವೇ? ಆದರೂ ಕೀಳಬೇಕು.

ಕೊನೆಗೆ ಗಟ್ಟಿಯಾಗಿ ಓದಿ, ಹಳ್ಳಿಯ ಬದುಕು ಗೊತ್ತಿರುವ ಹಿರಿಯರ ಮುಂದೆ. ನಾನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅಂಬಿಗ ಪ್ರತಿ ಸಲ ಕಾಸಿಗೆ ಕೈಚಾಚುವಲ್ಲಿ ತಡೆದರು. “ಊರಿನವರು ಕಡವಿನವನಿಗೆ ದಿನಾ ದುಡ್ಡು ಕೊಡುತ್ತಿದ್ದರೇನು ಮಾರಾಯ್ತಿ? ನಮ್ಮ ಮನೆಯಿಂದ ಕೊಯ್ಲಿನ ಹೊತ್ತಿಗೆ ಭತ್ತ ಅಳೆದು ಕೊಡುತ್ತಿದ್ದೆವು.” ಅದು ಅವರ ಬಾಲ್ಯದ ನೆನಪು, 1837ರ ಸಾಕ್ಷ್ಯವಲ್ಲ. ಆದರೂ ಕಥೆಗೆ ಹೊಂದುತ್ತಿತ್ತು, ತೆಗೆದುಕೊಂಡೆ. ಯಾವುದು ದಾಖಲೆ, ಯಾವುದು ದೊಡ್ಡಮ್ಮನ ನೆನಪು, ಯಾವುದು ನನ್ನ ಕಲ್ಪನೆ ಎಂಬುದನ್ನು ಕಥೆಯ ಕೊನೆಯಲ್ಲಿ ಆರು ಸಾಲಿನ ಟಿಪ್ಪಣಿಯಾಗಿ ಸೇರಿಸಿ ಹಸ್ತಪ್ರತಿಯನ್ನು ಕಳುಹಿಸಿಕೊಟ್ಟೆ.