ಹಳೇ ಜೀಪು ಕೊಳ್ಳುವ ಮೊದಲು ಆಯಿಲ್ ಮುಚ್ಚಳ ತೆಗೆದು ನೋಡಿ

ಎಂಜಿನ್ ತೊಂದರೆಗೆ ಹೆಸರಾದ ಹಳೇ ಡೀಸೆಲ್ ಜೀಪು ನೋಡಲು ಹೋಗುವವರು ಬೆಳಿಗ್ಗೆ ಬೇಗ ಹೋಗಿ. "ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಎತ್ತಿ ಎಂಜಿನ್ ಮುಟ್ಟಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಹೊರಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಐಡಲ್‌ನಲ್ಲಿ ಓಡುತ್ತಿರುವಾಗ ಬಟ್ಟೆ ಹಿಡಿದು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ಅದನ್ನೇ ಬೋರಲು ಮಾಡಿ ಬಾಯಿಯ ಮೇಲೆ ಸುಮ್ನೆ ಇಡಿ. ಸ್ವಲ್ಪ ಅದುರಿದರೆ ಚಿಂತೆ ಬೇಡ, ಡೀಸೆಲ್ ಎಂಜಿನ್ ಅಲ್ವಾ. ಮುಚ್ಚಳ ಕುಣಿದು ಕೆಳಗೆ ಬಿದ್ದು, ಒಳಗಿಂದ ಪುಸುಪುಸು ಅಂತ ಹೊಗೆ ಬಂದರೆ ಪಿಸ್ಟನ್ ರಿಂಗು, ಬೋರು (ಪಿಸ್ಟನ್ ಓಡಾಡುವ ಕೊಳವೆ) ಸವೆದಿರುವ ಸಾಧ್ಯತೆ ಜಾಸ್ತಿ. ಸವೆದ ಕಡೆ ಉರಿದ ಗ್ಯಾಸ್ ಪಿಸ್ಟನ್ ಪಕ್ಕದಿಂದ ನುಸುಳಿ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ, ಅಲ್ಲಿಂದ ಮುಚ್ಚಳವನ್ನು ದೂಡುತ್ತದೆ. ತಣ್ಣಗಿರುವಾಗಲೇ ನೋಡಬೇಕು, ಯಾಕಂದ್ರೆ ಬಿಸಿಯಾದ ಮೇಲೆ ಸ್ಟಾರ್ಟಿಂಗ್ ತೊಂದರೆ, ಮೊದಲ ಹೊಗೆ ಎರಡೂ ಮುಚ್ಚಿಹೋಗುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಕಂಡ ಕೂಡಲೇ ಬೇಡ ಅನ್ನಬೇಡಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಕಾವು ಕೊಡುವ ಗ್ಲೋ ಪ್ಲಗ್ ಹೋಗಿದ್ದರೆ ಒಳ್ಳೇ ಎಂಜಿನ್ ಕೂಡ ಹಾಗೇ ಸತಾಯಿಸುತ್ತದೆ. ಆಯಿಲ್ ಇರುವ ಜಾಗದ ಗ್ಯಾಸ್ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಮುಚ್ಚಳ ಹಾರುತ್ತದೆ, ಮೊದಲು ಅದನ್ನು ಬಿಚ್ಚಿ ಊದಿಸಿ. ಮಾರುವವರು ದಪ್ಪ ಆಯಿಲ್ ಹಾಕಿಟ್ಟಿದ್ದರೆ ಹೊಗೆ ಕಡಿಮೆ ಕಾಣಬಹುದು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ತೊಂದರೆಯಂತೂ ಈ ಉಪಾಯದಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಏರಿನಲ್ಲಿ ಸೆಕೆಂಡ್ ಗೇರ್‌ನಲ್ಲಿ ಹತ್ತಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ತೋಟದಲ್ಲಿ ಲೋಡ್ ಹೊತ್ತು ದುಡಿದ ಗಾಡಿಯಾದರೆ ಈ ಏರು ಹತ್ತಿಸದೆ ಅಡ್ವಾನ್ಸ್ ಕೊಡಲೇಬೇಡಿ.