ಡ್ರೋನಿನ ಕಾಂತೀಯ ಗದ್ದಲವನ್ನು ನಾನು ಇಳಿಸಿದ ಬಗೆ

ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗೆ ಜಾಗ ಗುರುತಿಸುವವರಿಗೆ, ನೆಲದಡಿಯ ಬಂಡೆಯನ್ನು ಗೋಡೆಯಂತೆ ಸೀಳಿ ನಿಂತು ಅಂತರ್ಜಲದ ಹರಿವನ್ನು ತಡೆಯಬಲ್ಲ ಕಪ್ಪು ಶಿಲೆಯ ಪಟ್ಟಿಗಳಾದ ಡೊಲೆರೈಟ್ ಡೈಕ್‌ಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ. ಮುಳಬಾಗಿಲು ಕಡೆಯ ಹೊಲಗಳಲ್ಲಿ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ನಡೆದೇ ಅವನ್ನು ಹುಡುಕುತ್ತಿದ್ದ ನಾನು, ಎರಡೂವರೆ ಕಿಲೋ ತೂಗುವ ಕ್ವಾಡ್‌ಕಾಪ್ಟರಿಗೆ ಫ್ಲಕ್ಸ್‌ಗೇಟ್ ಎಂಬ ಕಾಂತ ಸಂವೇದಕ ಕಟ್ಟುತ್ತೇನೆಂದಾಗ, "ಮೋಟಾರಿನ ಅಯಸ್ಕಾಂತವನ್ನೇ ಅಳೆದುಕೊಂಡು ಬರ್ತೀರಿ, ಬಿಡಿ ಸಾರ್" ಎಂದವರೇ ಹೆಚ್ಚು. ನಮ್ಮ ಅಕ್ಷಾಂಶದಲ್ಲಿ ಭೂಕಾಂತಕ್ಷೇತ್ರದ ಓಲಿಕೆ (ಅದು ನೆಲದತ್ತ ಬಾಗುವ ಕೋನ) ತೀರ ಕಡಿಮೆಯಾದ್ದರಿಂದ ಉತ್ತರ-ದಕ್ಷಿಣವಾಗಿ ಹಾಯುವ ಡೈಕ್‌ಗಳ ಸಂಕೇತ ಮೊದಲೇ ಕ್ಷೀಣವಾಗಿರುತ್ತದೆ. ಡ್ರೋನಿನ ಗದ್ದಲ ಅದನ್ನು ಸುಲಭವಾಗಿ ನುಂಗಿಬಿಡುತ್ತದೆ.

ಗದ್ದಲದ ಮೂಲವನ್ನು ಪತ್ತೆ ಹಚ್ಚಲು ಡ್ರೋನನ್ನು ಮರದ ಮೇಜಿಗೆ ಬಿಗಿದು, ಪ್ರೊಪೆಲ್ಲರ್‌ಗಳನ್ನು ಮಗುಚಿ ಕೂರಿಸಿ, ಮೇಲೇಳದಂತೆ ಮಾಡಿ ಥ್ರಾಟಲ್ ಏರಿಸಿದೆ. ಮೋಟಾರಿನ ಅಯಸ್ಕಾಂತಗಳ ಧ್ರುವಗಳು ಒಂದರ ಪಕ್ಕ ಒಂದು ವಿರುದ್ಧವಾಗಿರುವುದರಿಂದ ದೂರ ಹೋದಂತೆ ಅವುಗಳ ಪ್ರಭಾವ ಬೇಗನೆ ಅಳಿಯುತ್ತದೆ. ನಿಜವಾದ ತೊಂದರೆ ಬ್ಯಾಟರಿಯಿಂದ ಹೊರಟು ಬಾಯ್ತೆರೆದು ಹರಡಿದ್ದ ಎರಡು ತಂತಿಗಳದು. ಇಪ್ಪತ್ತು ಆಂಪಿಯರ್ ಹರಿದಾಗ ಅರ್ಧ ಮೀಟರಿನಲ್ಲಿ ಸುಮಾರು 300 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ), ಒಂದು ಮೀಟರಿನಲ್ಲಿ 40ರ ಆಸುಪಾಸು ಕಂಡಿತು. ತಂತಿಗಳನ್ನು ಒತ್ತಾಗಿ ಹೆಣೆದಮೇಲೆ ಅದು ನಾಲ್ಕನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಉಳಿದದ್ದು ಬ್ಯಾಟರಿಯ ಸೆಲ್‌ಗಳೊಳಗೇ ಹರಿಯುವ ಪ್ರವಾಹದ್ದು. ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಚಿಕ್ಕವನ್ನು ಎದುರುಬದುರಾಗಿ ಕೂರಿಸಿ ಅದನ್ನು ಬಹುಮಟ್ಟಿಗೆ ಕಳೆದಿದ್ದೇನೆ. ಕೂರಿಸುವ ಕೋನದ ಲೆಕ್ಕ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಕಾಂತಕ್ಷೇತ್ರಕ್ಕೆ ಮರೆಯಾಗಿ ಬಳಸುವ ಮಿಶ್ರಲೋಹವಾದ ಮ್ಯೂ-ಮೆಟಲ್ ಹಾಳೆಯಿಂದ ಮೋಟಾರುಗಳನ್ನು ಸುತ್ತುವ ಪ್ರಯೋಗಕ್ಕೆ ಹನ್ನೆರಡು ಸಾವಿರದಷ್ಟು ರೂಪಾಯಿ ಹೋಯಿತು. ಆ ಲೋಹವು ಸುಮಾರು 41,000 ನ್ಯಾನೊಟೆಸ್ಲಾ ಇರುವ ಭೂಕ್ಷೇತ್ರದಿಂದಲೇ ಕಾಂತತ್ವ ಪಡೆದು, ಡ್ರೋನ್ ದಿಕ್ಕು ಬದಲಿಸಿದಾಗಲೆಲ್ಲ ಅಳತೆಯನ್ನು ಕೆಡಿಸಿತು. ಸ್ಟೇನ್‌ಲೆಸ್ ಸ್ಕ್ರೂಗಳನ್ನೂ ನಂಬುವಂತಿಲ್ಲ. ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಸಂವೇದಕದ ಮುಂದೆ ಹಾಯಿಸಿದಾಗ, ಒಂದೇ ಪೊಟ್ಟಣದ ಕೆಲವು ಪರದೆಯ ಅಂಕಿಯನ್ನು ಕದಲಿಸಲೇ ಇಲ್ಲ, ಕೆಲವು ಮೂವತ್ತು ನಲವತ್ತರಷ್ಟು ಹಾರಿಸಿದವು. ಈಗ ಆ ಜಾಗಗಳಲ್ಲೆಲ್ಲ ಹಿತ್ತಾಳೆ ಇಲ್ಲವೇ ನೈಲಾನ್ ಸ್ಕ್ರೂಗಳಿವೆ.

ಇಷ್ಟಾದಮೇಲೂ ದೂರವೇ ದೊಡ್ಡ ಮದ್ದು, ಏಕೆಂದರೆ ಅಂತರ ಇಮ್ಮಡಿಯಾದರೆ ಗದ್ದಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಎರಡೂವರೆ ಮೀಟರಿನ ಒಂಟಿ ದಾರಕ್ಕೆ ಕಟ್ಟಿದ ಸಂವೇದಕ ಮೂರು ಸೆಕೆಂಡಿಗೊಮ್ಮೆ ತೂಗುತ್ತದೆ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಆ ತೂಗಾಟ ಹದಿನೈದು ಹದಿನಾರು ಮೀಟರ್ ಅಗಲದ ಸುಳ್ಳು ಡೈಕ್‌ಗಳ ಸಾಲನ್ನೇ ನಕಾಶೆಯ ಮೇಲೆ ಮೂಡಿಸಿತು. ನಾಲ್ಕು ತೋಳುಗಳ ತುದಿಯಿಂದ ನಾಲ್ಕು ನೈಲಾನ್ ದಾರಗಳನ್ನು ಇಳಿಬಿಟ್ಟು, ಹಿಂಬದಿಯಲ್ಲಿ ರೆಕ್ಕೆಯಿರುವ ಪಿವಿಸಿ ಕೊಳವೆಯೊಳಗೆ ಸಂವೇದಕವನ್ನು ಬಂಧಿಸಿದ ನಂತರ ತೂಗಾಟ ನಿಂತಿತು. ಮೂರು ಅಕ್ಷಗಳ ಕ್ಯಾಲಿಬ್ರೇಷನ್ ಮಾಡಿ, ಉಳಿಕೆಗೆ ಟೋಲ್ಸ್-ಲಾಸನ್ ತಿದ್ದುಪಡಿ (ಹಾರುವ ವಾಹನದ ಕಾಂತಪ್ರಭಾವವನ್ನು ಲೆಕ್ಕಹಾಕಿ ಕಳೆಯುವ ವಿಧಾನ) ಹಾಕಿದೆ. ಒಂದೇ ಗೆರೆಯನ್ನು ಹೋಗುತ್ತಾ ಬರುತ್ತಾ ಹಾರಿಸಿದರೆ ಮೊದಲು ಅರವತ್ತರಷ್ಟಿದ್ದ ವ್ಯತ್ಯಾಸ ಈಗ ನಾಲ್ಕೈದು ನ್ಯಾನೊಟೆಸ್ಲಾ ಮಾತ್ರ. ಸಂವೇದಕದ ಬೆಲೆ ಬಿಟ್ಟರೆ ಎಲ್ಲವೂ ಮೂವತ್ತೈದು ಸಾವಿರದೊಳಗೆ ಮುಗಿದಿದೆ. ಅಂದು ಬೇಡವೆಂದವರಲ್ಲಿ ಇಬ್ಬರು ಈಗ ತಮ್ಮ ಜಾಗಗಳಿಗೆ ನನ್ನನ್ನೇ ಕರೆಸುತ್ತಾರೆ.

ನಮ್ಮ ಊರುಗಳಲ್ಲಿ ಡ್ರೋನಿನದಲ್ಲದ ಗದ್ದಲವೂ ಬೇಕಾದಷ್ಟಿದೆ. ಬತ್ತಿಹೋದ ಕೊಳವೆಬಾವಿಗಳ ಕಬ್ಬಿಣದ ಕೇಸಿಂಗ್ ಒಂದೊಂದೂ ಚೂಪಾದ ಮೊನೆಯಾಗಿ ಕಾಣುತ್ತದೆ. ಪಿವಿಸಿ ಕೇಸಿಂಗ್ ಕಾಣುವುದಿಲ್ಲ. ತ್ರೀಫೇಸ್ ಬಂದು ಪಂಪ್‌ಸೆಟ್‌ಗಳು ಶುರುವಾದರೆ ತಂತಿಗಳ 50 ಹರ್ಟ್ಸ್ ದತ್ತಾಂಶಕ್ಕೆ ನುಗ್ಗುತ್ತದೆ. ಸೆಕೆಂಡಿಗೆ ಕೆಲವೇ ಅಳತೆ ತೆಗೆದುಕೊಂಡರೆ ಅದು ನಿಧಾನವಾದ ಏರಿಳಿತದ ರೂಪದಲ್ಲಿ ಬಂದು ಮೋಸ ಮಾಡುತ್ತದೆ. ಬೆಳಗಿನ ಜಾವ, ಕರೆಂಟ್ ಇಲ್ಲದ ಪಾಳಿಯಲ್ಲಿ, ಭೂಕ್ಷೇತ್ರದ ಏರಿಳಿತವನ್ನು ದಾಖಲಿಸಲು ನೆಲದ ಮೇಲೊಂದು ಬೇಸ್ ಸ್ಟೇಷನ್ ಇಟ್ಟೇ ನಾನು ಹಾರಿಸುತ್ತೇನೆ.

ಶ್ರೀನಿವಾಸಪುರದ ಮಾವಿನ ತೋಪುಗಳ ಮೇಲೆ ಉದ್ದ ದಾರ ಕೊಂಬೆಗೆ ಸಿಕ್ಕುವ ಭಯವಿರುವುದರಿಂದ, ಅದನ್ನು ಒಂದೂವರೆ ಮೀಟರಿಗೆ ಇಳಿಸಲು ಈಗ ಪ್ರಯತ್ನಿಸುತ್ತಿದ್ದೇನೆ. ಅಷ್ಟು ಹತ್ತಿರದಲ್ಲಿ ಗದ್ದಲ ನಾಲ್ಕೂವರೆ ಪಟ್ಟು ಏರುವುದರಿಂದ ಜೋಡಿ ಬ್ಯಾಟರಿಯ ಕೋನವನ್ನು ಇನ್ನಷ್ಟು ಬಿಗಿಯಾಗಿ ಹೊಂದಿಸಬೇಕಾಗಿದೆ.