ಓಡುವ ಮಾಲು ಮಾರಿ, ಡೆಡ್ ಸ್ಟಾಕ್ ಇಟ್ಟುಕೊಂಡ ಕಥೆ

ದಾವಣಗೆರೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. 2020ರವರೆಗೂ ಷೇರು ತಗೊಳ್ಳಬೇಕೆಂದರೆ ಬ್ರೋಕರ್ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿದ್ದ ಹುಡುಗ ಪ್ರತಿ ಸಲ ಕೇಳುತ್ತಿದ್ದ, “ಮೊನ್ನೆ ತಾನೇ ತಗೊಂಡ್ರಲ್ಲ ಸಾರ್, ಯಾಕೆ ಮಾರ್ತೀರಿ?” ಉತ್ತರ ಹೊಳೆಯದಿದ್ದರೆ “ಇರ್ಲಿ ಬಿಡಪ್ಪ” ಅಂತ ಫೋನ್ ಇಡುತ್ತಿದ್ದೆ. ವರ್ಷಕ್ಕೆ ಹತ್ತು ಹನ್ನೆರಡು ಆರ್ಡರ್ ಆದರೆ ಹೆಚ್ಚು.

ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಫೋನಿಗೆ ಆ್ಯಪ್ ಬಂತು. ಡೆಲಿವರಿಗೆ, ಅಂದರೆ ಷೇರು ಕೊಂಡು ಅದೇ ದಿನ ಮಾರದೆ ಖಾತೆಯಲ್ಲಿ ಇಟ್ಟುಕೊಂಡರೆ, ಬ್ರೋಕರೇಜ್ ಇಲ್ಲ. ಯಾಕೆ ಅಂತ ಕೇಳುವವರೂ ಇಲ್ಲ. ಅಂಗಡಿ ಮತ್ತೆ ತೆರೆದ ಮೇಲೂ ಫೋನ್ ಗಲ್ಲಾದ ಪಕ್ಕದಲ್ಲೇ ಇತ್ತು. ಮಾರ್ಕೆಟ್ ಶುರುವಾಗುವುದು 9.15ಕ್ಕೆ, ನಮ್ಮಲ್ಲಿ ಪ್ಲಂಬರ್‌ಗಳು ಬರುವುದೂ ಅದೇ ಹೊತ್ತಿಗೆ. ಒಬ್ಬರು ಮುಕ್ಕಾಲಿಂಚಿನ ಎಲ್ಬೋ ಹತ್ತು ಕೇಳಿದರೆ ನಾನು ಒಂದಿಂಚಿನದ್ದು ಕಟ್ಟಿಕೊಟ್ಟಿದ್ದೆ. ಸೈಟಿನಿಂದ ಅಷ್ಟು ದೂರ ವಾಪಸ್ ಬಂದ ಅವರು ಚೀಲವನ್ನು ಟೇಬಲ್ ಮೇಲೆ ಸುರಿದು, “ಸಾವ್ಕಾರ್ರೇ, ಮೊದ್ಲು ಆ ಫೋನ್ ಒಳಗಿಡ್ರಿ” ಅಂದರು.

2022ರಲ್ಲಿ ರಿಟರ್ನ್ಸ್ ಸಲ್ಲಿಸಲು ಆಡಿಟರ್ ಸ್ಟೇಟ್‌ಮೆಂಟ್ ಕೇಳಿದರು. ಪ್ರಿಂಟ್ ಕೊಟ್ಟರೆ ಮುಗಿಯುವುದೇ ಇಲ್ಲ. ಒಂದೇ ವರ್ಷದಲ್ಲಿ 412 ಆರ್ಡರ್! ನನ್ನ ಹಣ ಇದ್ದದ್ದು ಸುಮಾರು 4 ಲಕ್ಷ. ಅದನ್ನೇ ತಿರುಗಿಸಿ ತಿರುಗಿಸಿ 30 ಲಕ್ಷದಷ್ಟು ಕೊಂಡು, ಅಷ್ಟನ್ನೇ ಮಾರಿದ್ದೆ. ಬ್ರೋಕರೇಜ್ ಸೊನ್ನೆ ನಿಜ. ಆದರೆ ಕೊಂಡಾಗಲೂ ಮಾರಿದಾಗಲೂ 0.1 ಪರ್ಸೆಂಟ್ ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ಮೇಲಿನ ತೆರಿಗೆ, ಇದೆ. ಅದೊಂದೇ 6,000 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ, ಮಾರಿದಾಗಲೆಲ್ಲ ಡಿಪಿ ಚಾರ್ಜು (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ), ಲಾಭದ ಮೇಲೆ ಆಗಿನ 15 ಪರ್ಸೆಂಟ್ ತೆರಿಗೆ ಎಲ್ಲ ಕಳೆದರೆ ಕೈಗೆ ಉಳಿದದ್ದು ಸುಮಾರು 27 ಸಾವಿರ. ಏಳು ಪರ್ಸೆಂಟೂ ಇಲ್ಲ. ಆ ವರ್ಷ, ಅಂದರೆ 2021-22ರಲ್ಲಿ, ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ ಹತ್ತಿರ ಹತ್ತಿರ 19 ಪರ್ಸೆಂಟ್ ಏರಿತ್ತು.

ಇಷ್ಟಾದರೂ ಸಮಾಧಾನವಾಗದೆ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ, ಎಷ್ಟು ದಿನ ಇಟ್ಟುಕೊಂಡಿದ್ದೆ ಅನ್ನುವ ಕಾಲಂ ಸೇರಿಸಿದೆ. ಹೊಟ್ಟೆ ಉರಿದಿದ್ದು ಅಲ್ಲಿ. ಲಾಭದಲ್ಲಿದ್ದ ಷೇರನ್ನು ಸರಾಸರಿ 9 ದಿನಕ್ಕೆ ಮಾರಿದ್ದೆ. ನಷ್ಟದ್ದನ್ನು 71 ದಿನ ಇಟ್ಟುಕೊಂಡಿದ್ದೆ. ಟಾಟಾ ಪವರ್ 104ಕ್ಕೆ ತಗೊಂಡು, 110 ಕಂಡ ಕೂಡಲೇ ಖುಷಿಯಲ್ಲಿ ಮಾರಿದೆ. ಅಕ್ಟೋಬರಿಗೆ ಅದು 200 ದಾಟಿತ್ತು. ಅಂಗಡಿಯಲ್ಲಿ ನಾನು ಹೀಗೆ ಮಾಡುವವನೇ ಅಲ್ಲ. ಓಡುವ ಮಾಲು ಯಾವತ್ತೂ ಖಾಲಿಯಾಗಲು ಬಿಡಲ್ಲ, ಡೆಡ್ ಸ್ಟಾಕ್ ಸಿಕ್ಕಿದ ರೇಟಿಗೆ ಕಳಿಸಿಬಿಡುತ್ತೇನೆ. ಫೋನ್ ಕೈಗೆ ಬಂದರೆ ಮೂವತ್ತು ವರ್ಷದ ವ್ಯಾಪಾರ ಎಲ್ಲಿ ಹೋಗಿತ್ತೋ!

ಎಂ.ಕಾಂ. ಓದುವ ಮಗಳು ಇದನ್ನು ನೋಡಿ ನಕ್ಕಳು. ಅಮೆರಿಕದ ಬಾರ್ಬರ್, ಓಡಿಯನ್ ಎಂಬ ಇಬ್ಬರು ಪ್ರೊಫೆಸರ್‌ಗಳು 2002ರಲ್ಲೇ ಇದನ್ನು ಬರೆದಿದ್ದಾರಂತೆ. ಫೋನ್ ಬಿಟ್ಟು ಆನ್‌ಲೈನಿಗೆ ಬಂದ 1,607 ಜನರ ಲೆಕ್ಕ. ಬರುವ ಮುಂಚೆ ಮಾರ್ಕೆಟ್‌ಗಿಂತ ವರ್ಷಕ್ಕೆ 2 ಪರ್ಸೆಂಟ್‌ಗೂ ಜಾಸ್ತಿ ಗಳಿಸುತ್ತಿದ್ದವರು, ಬಂದ ಮೇಲೆ 3 ಪರ್ಸೆಂಟ್‌ಗೂ ಹೆಚ್ಚು ಹಿಂದೆ ಬಿದ್ದರು. ನಮ್ಮಲ್ಲೂ ಷೇರುಪೇಟೆ ನಿಯಂತ್ರಕ ಸೆಬಿ ಲೆಕ್ಕ ಹಾಕಿದೆ: 2022-23ರಲ್ಲಿ ಇಂಟ್ರಾಡೇ (ಅದೇ ದಿನ ಕೊಂಡು ಅದೇ ದಿನ ಮಾರುವುದು) ಮಾಡಿದ ಹತ್ತು ಜನರಲ್ಲಿ ಏಳು ಮಂದಿಗೆ ನಷ್ಟ. ನಾನು ಇಂಟ್ರಾಡೇಗೆ ಕೈ ಹಾಕಲಿಲ್ಲ, ಅದೊಂದೇ ಪುಣ್ಯ.

ಮೊದಲು ಫೋನಿನಿಂದ ಆ್ಯಪ್ ತೆಗೆದೆ. ಈಗ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಮಾತ್ರ ಲಾಗಿನ್. ಭಾನುವಾರ ಮಾರ್ಕೆಟ್ ಮುಚ್ಚಿರುವಾಗ, ಏನು ತಗೊಳ್ಳಬೇಕು, ಯಾಕೆ ಅಂತ ಉದ್ರಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತೇನೆ. ಮುಂದಿನ ಭಾನುವಾರವೂ ಅದೇ ಸರಿ ಅನಿಸಿದರೆ ಆರ್ಡರ್. ಅರ್ಧಕ್ಕರ್ಧ ಅಲ್ಲೇ ಕಾಟು ಬೀಳುತ್ತವೆ. ಬ್ರೋಕರ್ ಆಫೀಸಿನ ಹುಡುಗನ ಕೆಲಸ ಈಗ ಆ ಹಾಳೆ ಮಾಡುತ್ತಿದೆ ಅನ್ನಿ. 2023-24ರಲ್ಲಿ ಒಟ್ಟು 14 ಆರ್ಡರ್. ನಿಫ್ಟಿ 28 ಪರ್ಸೆಂಟ್ ದಾಟಿತು, ನನ್ನದು 26ಕ್ಕೆ ನಿಂತಿತು. ಇನ್ನೂ ಹಿಂದೆಯೇ ಇದ್ದೇನೆ. ಪ್ಲಂಬರ್‌ಗಳಿಗೆ ಮಾತ್ರ ಸರಿಯಾದ ಎಲ್ಬೋ ಸಿಗುತ್ತಿದೆ.

ಆ ನಷ್ಟದ ಷೇರುಗಳಲ್ಲಿ ಎರಡನ್ನು ಮಾರಿದೆ. ಇನ್ನೊಂದು ಅರ್ಧ ಬೆಲೆಗೆ ಇಳಿದು ಖಾತೆಯಲ್ಲೇ ಕೂತಿದೆ. ಮಾರಬೇಕು ಅಂತ ಮೂರು ಭಾನುವಾರ ಬರೆದೆ, ಮೂರೂ ಸಲ ನಾನೇ ಕಾಟು ಹಾಕಿದೆ.